ಹೊಸದಾಗಿ ನೀರು ತುಂಬಿಸಿದ ಮನೆಯ ಈಜುಕೊಳ: ನೀರನ್ನು ಹದಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಕೊಳವನ್ನು ಖಾಲಿ ಮಾಡಿ, ಉಜ್ಜಿ ತೊಳೆದು, ಹೊಸ ನೀರು ತುಂಬಿಸಿದ ಎರಡು ಮೂರು ದಿನಗಳಲ್ಲೇ ನೀರು ಬೆಳ್ಳಗೆ ಮಬ್ಬಾಯಿತು ಎಂಬ ದೂರು ಪ್ರತಿ ಬೇಸಿಗೆಯ ಆರಂಭದಲ್ಲಿ ಕೇಳಿಬರುತ್ತದೆ. ಕ್ಲೋರಿನ್ ಹಾಕಿದ ಗಂಟೆಯೊಳಗೆ ನೀರು ಚಹಾದ ಡಿಕಾಕ್ಷನ್‌ನಂತೆ ಕಂದಾಯಿತು ಎಂಬುದು ಇನ್ನೊಂದು ದೂರು. ಆಗ ಬಹುಪಾಲು ಮಂದಿ ರಾಸಾಯನಿಕ ಸಾಲದಾಯಿತೆಂದು ಭಾವಿಸಿ ಇನ್ನೊಂದಷ್ಟು ಬ್ಲೀಚಿಂಗ್ ಪೌಡರ್, ಇನ್ನೊಂದಷ್ಟು ಸೋಡಾ, ಕೊನೆಗೆ ಪಟಿಕವನ್ನೂ ಸುರಿಯುತ್ತಾರೆ. ವಾರ ಕಳೆಯುವಷ್ಟರಲ್ಲಿ ನೀರು ಯಾವ ಸ್ಥಿತಿಯಲ್ಲಿದೆಯೆಂದು ಯಾರಿಗೂ ತಿಳಿಯದ ಹಂತ ತಲುಪಿ, ನಲವತ್ತು ಸಾವಿರ ಲೀಟರ್ ನೀರು ಚರಂಡಿಗೆ ಹೋಗುತ್ತದೆ.

ಈ ಸೋಲಿಗೆ ಹೆಚ್ಚಾಗಿ ಎರಡೇ ಕಾರಣಗಳಿರುತ್ತವೆ. ತುಂಬುವ ನೀರಿನ ಮೂಲವನ್ನು ಪರೀಕ್ಷಿಸದೆ ಸಿದ್ಧ ಪಟ್ಟಿಯೊಂದನ್ನು ಅನುಸರಿಸಿರುತ್ತಾರೆ, ಇಲ್ಲವೇ ಹಂತಗಳ ಕ್ರಮವನ್ನು ತಪ್ಪಿಸಿರುತ್ತಾರೆ. ಬೆಂಗಳೂರಿನ ಹೊರವಲಯದ ಕೊಳವೆಬಾವಿ ನೀರಿಗೂ ಉಡುಪಿಯ ಜಂಬಿಟ್ಟಿಗೆ ನೆಲದ ಬಾವಿ ನೀರಿಗೂ ಒಂದೇ ಔಷಧಿ ಸಲ್ಲದು. ಒಂದಕ್ಕೆ ಆಮ್ಲ ಬೇಕು, ಇನ್ನೊಂದಕ್ಕೆ ಸೋಡಾ ಬೇಕು. ಒಂದರಲ್ಲಿ ಕ್ಯಾಲ್ಸಿಯಂ ಅತಿಯಾಗಿರುತ್ತದೆ, ಇನ್ನೊಂದಕ್ಕೆ ಅದನ್ನು ಚೀಲಗಟ್ಟಲೆ ಸೇರಿಸಬೇಕಾಗುತ್ತದೆ. ಕೆಳಗಿನ ಹಂತಗಳನ್ನು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿಸಲಾಗಿದೆ.

## ಮೊದಲೇ ಕೈಗೆ ಸಿಗುವಂತಿರಬೇಕಾದ ಸಾಮಗ್ರಿ

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷಾ ಕಿಟ್. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ, ಹಳದಿ ಬಣ್ಣ ತೋರಿಸುವ ಕ್ಲೋರಿನ್ ಕಿಟ್ ಒಟ್ಟು ಕ್ಲೋರಿನ್ನನ್ನು ಮಾತ್ರ ಅಳೆಯುತ್ತದೆ. ಅದರಲ್ಲಿ ಕೆಲಸ ಮಾಡುವ ಮುಕ್ತ ಕ್ಲೋರಿನ್ ಎಷ್ಟು, ಕೊಳೆಗೆ ಕಟ್ಟಿಕೊಂಡು ನಿಷ್ಪ್ರಯೋಜಕವಾದ ಸಂಯುಕ್ತ ಕ್ಲೋರಿನ್ ಎಷ್ಟು ಎಂದು ಅದು ಹೇಳಲಾರದು. ಆದ್ದರಿಂದ ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಕಿಟ್ ಕೊಳ್ಳುವುದು ಅವಶ್ಯ. ಇದರೊಂದಿಗೆ ಪಿಎಚ್‌ಗೆ (ನೀರಿನ ಆಮ್ಲ-ಕ್ಷಾರ ಮಟ್ಟಕ್ಕೆ) ಫೀನಾಲ್ ರೆಡ್ ದ್ರಾವಣ, ಒಟ್ಟು ಕ್ಷಾರೀಯತೆ ಮತ್ತು ಕ್ಯಾಲ್ಸಿಯಂ ಗಡಸುತನಕ್ಕೆ ಹನಿ ಎಣಿಸುವ ಕಿಟ್‌ಗಳು, ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಸಯನ್ಯೂರಿಕ್ ಆಮ್ಲಕ್ಕೆ ಕಪ್ಪು ಚುಕ್ಕೆ ಮರೆಯಾಗುವುದನ್ನು ನೋಡುವ ಕೊಳವೆ ಇರಬೇಕು. ಬಣ್ಣದ ಕಾಗದದ ಪಟ್ಟಿಗಳು ಸ್ಥೂಲ ಅಂದಾಜಿಗೆ ಆಗುತ್ತವೆಯೇ ಹೊರತು ಹೊಸ ನೀರನ್ನು ಹದಗೊಳಿಸುವ ಕೆಲಸಕ್ಕೆ ಸಾಲುವುದಿಲ್ಲ.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಅಳತೆ ಗುರುತಿರುವ ಪ್ಲಾಸ್ಟಿಕ್ ಜಗ್, 20 ಲೀಟರಿನ ಎರಡು ಪ್ಲಾಸ್ಟಿಕ್ ಬಕೆಟ್, ಉದ್ದ ಹಿಡಿಯ ಬ್ರಷ್, ರಬ್ಬರ್ ಕೈಗವಸು, ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ ಮತ್ತು ಒಂದು ನೋಟ್‌ಬುಕ್ ಬೇಕು. ನೋಟ್‌ಬುಕ್ಕನ್ನು ಹಲವರು ಹಗುರವಾಗಿ ಕಾಣುತ್ತಾರೆ. ಯಾವ ದಿನ, ಎಷ್ಟು ಗಂಟೆಗೆ, ಏನನ್ನು ಎಷ್ಟು ಹಾಕಲಾಯಿತು ಎಂಬ ದಾಖಲೆ ಇಲ್ಲದಿದ್ದರೆ ಎಡವಟ್ಟಾದಾಗ ಕಾರಣ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ.

ಕಬ್ಬಿಣದ ಪರೀಕ್ಷೆಗೆ ಬೇಕಾಗುವ ಸ್ವಲ್ಪ ದ್ರವ ಕ್ಲೋರಿನ್ (ಸೋಡಿಯಂ ಹೈಪೋಕ್ಲೋರೈಟ್) ಬಿಟ್ಟು ಬೇರೆ ರಾಸಾಯನಿಕಗಳನ್ನು ಈಗಲೇ ಕೊಳ್ಳಬೇಡಿ. ಎರಡನೆಯ ಹಂತ ಮುಗಿದ ಮೇಲೆಯೇ ಪಟ್ಟಿ ಮಾಡಬೇಕು.

## ಹಂತ 1: ಕೊಳದಲ್ಲಿ ಎಷ್ಟು ಲೀಟರ್ ನೀರಿದೆಯೆಂದು ಲೆಕ್ಕ ಹಾಕುವುದು

ಉದ್ದ, ಅಗಲ ಮತ್ತು ಸರಾಸರಿ ಆಳವನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಅಡಿಗಳಲ್ಲಿ ಅಳೆದರೆ 28.3ರಿಂದ ಗುಣಿಸಬೇಕು. ಆಳವನ್ನು ನೀರಿನ ಮಟ್ಟದಿಂದ ಅಳೆಯಬೇಕೇ ಹೊರತು ಕೊಳದ ಅಂಚಿನಿಂದಲ್ಲ.

ಈ ಬರಹದ ಉದ್ದಕ್ಕೂ 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ತುದಿಯಲ್ಲಿ 1.1 ಮತ್ತು ಇನ್ನೊಂದು ತುದಿಯಲ್ಲಿ 1.4 ಮೀಟರ್ ಆಳವಿರುವ ಕೊಳವನ್ನು ಉದಾಹರಣೆಯಾಗಿ ಬಳಸಲಾಗಿದೆ. ಅದರ ಸರಾಸರಿ ಆಳ 1.25 ಮೀಟರ್, ಅಂದರೆ ನೀರು 40,000 ಲೀಟರ್. ಅಂಚಿನಿಂದ ನೀರು ಉಕ್ಕಿ ಹರಿಯುವ ವಿನ್ಯಾಸದ ಕೊಳವಾದರೆ ಹಾಗೆ ಹರಿದ ನೀರು ಸೇರುವ ಬ್ಯಾಲೆನ್ಸಿಂಗ್ ಟ್ಯಾಂಕಿನ ನೀರನ್ನೂ ಸೇರಿಸಿಕೊಳ್ಳಬೇಕು. ಕಂಟ್ರಾಕ್ಟರ್ ಬಾಯಿಮಾತಿನಲ್ಲಿ ಹೇಳಿದ ಅಂಕಿಯನ್ನು ನಂಬದೆ ಸ್ವತಃ ಅಳೆಯಿರಿ, ಏಕೆಂದರೆ ಮುಂದಿನ ಎಲ್ಲ ಅಳತೆಗಳೂ ಇದರ ಮೇಲೆಯೇ ನಿಂತಿವೆ.

## ಹಂತ 2: ತುಂಬುವ ಮೊದಲೇ ನೀರಿನ ಮೂಲವನ್ನು ಪರೀಕ್ಷಿಸುವುದು

ಕೊಳವನ್ನು ಖಾಲಿ ಮಾಡುವುದು ನಿಜಕ್ಕೂ ಅನಿವಾರ್ಯವೇ ಎಂದು ಮೊದಲು ಯೋಚಿಸಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ನಿಗದಿಪಡಿಸಿತ್ತು. ಅಂಥ ದಿನಗಳಲ್ಲಿ ಹಳೆಯ ನೀರನ್ನು ಸರಿಪಡಿಸಿಕೊಳ್ಳುವುದೇ ವಿವೇಕ. ಮಳೆಗಾಲದಲ್ಲೂ ಕೊಳವನ್ನು ಖಾಲಿ ಬಿಡಬಾರದು. ಅಂತರ್ಜಲ ಮೇಲೇರಿದಾಗ ಅದರ ಒತ್ತಡಕ್ಕೆ ಖಾಲಿ ಕೊಳದ ತಳ ಬಿರುಕು ಬಿಡಬಹುದು, ಎದ್ದೂ ಬರಬಹುದು.

ತುಂಬಲೇಬೇಕೆಂದು ನಿರ್ಧರಿಸಿದ ಮೇಲೆ, ಮೂಲದ ನೀರನ್ನು ಶುದ್ಧವಾದ ಬಕೆಟ್‌ನಲ್ಲಿ ಹಿಡಿದು ಪಿಎಚ್, ಒಟ್ಟು ಕ್ಷಾರೀಯತೆ, ಕ್ಯಾಲ್ಸಿಯಂ ಗಡಸುತನ ಮತ್ತು ಕಬ್ಬಿಣ ಈ ನಾಲ್ಕನ್ನು ನೋಡಬೇಕು. ಇಲ್ಲಿ ಹೆಚ್ಚಿನವರು ಎಡವುವ ಸೂಕ್ಷ್ಮವೊಂದಿದೆ. ಕೊಳವೆಬಾವಿಯಿಂದ ಆಗತಾನೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅದರ ಪಿಎಚ್ 7ರ ಆಸುಪಾಸಿನಲ್ಲಿ ಸುರಕ್ಷಿತವಾಗಿಯೇ ಕಾಣಿಸುತ್ತದೆ. ಅದೇ ನೀರು ಕೊಳದಲ್ಲಿ ಗಾಳಿಗೆ ತೆರೆದುಕೊಂಡು ಆ ಅನಿಲ ಹೊರಹೋದ ಮೇಲೆ ಪಿಎಚ್ 8.2 ಅಥವಾ ಅದಕ್ಕೂ ಮೇಲೆ ಏರುತ್ತದೆ. ಹಾಗಾಗಿ ಬಕೆಟ್ ನೀರನ್ನು ಒಂದು ದಿನ ತೆರೆದಿಟ್ಟು, ಆಗಾಗ ಜಗ್ಗಿನಿಂದ ಎತ್ತಿ ಸುರಿದು ಗಾಳಿಯಾಡಿಸಿ, ಮರುದಿನ ಪಿಎಚ್ ನೋಡಿದರೆ ಕೊಳದಲ್ಲಿ ಮುಂದೆ ಏನಾಗಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕಬ್ಬಿಣಕ್ಕೂ ಬಕೆಟ್ಟಿನಲ್ಲೇ ಸುಲಭದ ಪರೀಕ್ಷೆಯಿದೆ. ಬಿಳಿ ಬಕೆಟ್ಟಿನ ನೀರಿಗೆ ಒಂದೆರಡು ಚಮಚ ದ್ರವ ಕ್ಲೋರಿನ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ನೀರು ಹಳದಿ ಅಥವಾ ಕಂದಾಗಿದ್ದರೆ, ತಳದಲ್ಲಿ ತುಕ್ಕಿನ ಬಣ್ಣದ ತೆಳುಪುಡಿ ಕೂತಿದ್ದರೆ ಕಬ್ಬಿಣ ಇದೆಯೆಂದೇ ಅರ್ಥ. ನೀರು ಕಂದಾಗದೆ ಬರೀ ಬಿಳಿ ಮಬ್ಬಾಗಿದ್ದರೆ ಅದು ಸುಣ್ಣದ ಅಂಶ.

ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದವರು ವರದಿ ಓದುವಾಗ ಎಚ್ಚರ ವಹಿಸಬೇಕು. ವರದಿಯಲ್ಲಿರುವ ಒಟ್ಟು ಗಡಸುತನದಲ್ಲಿ ಮೆಗ್ನೀಸಿಯಂ ಕೂಡ ಸೇರಿರುತ್ತದೆ, ಆದರೆ ನಮಗೆ ಬೇಕಾದದ್ದು ಕ್ಯಾಲ್ಸಿಯಂ ಭಾಗ ಮಾತ್ರ. ವರದಿಯಲ್ಲಿ ಕ್ಯಾಲ್ಸಿಯಂ ಎಂದಷ್ಟೇ ಇರುವ ಅಂಕಿಯನ್ನು 2.5ರಿಂದ ಗುಣಿಸಿದರೆ ಈಜುಕೊಳದ ಲೆಕ್ಕದ ಕ್ಯಾಲ್ಸಿಯಂ ಗಡಸುತನ ದೊರೆಯುತ್ತದೆ. ಇನ್ನೊಂದು ಮಾತು, ಕುಡಿಯಲು ಯೋಗ್ಯ ಎಂದ ಮಾತ್ರಕ್ಕೆ ನೀರು ಕೊಳಕ್ಕೂ ಹದವಾಗಿದೆ ಎಂದಲ್ಲ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500, ಬೇರೆ ಮೂಲವಿಲ್ಲದಾಗ ಗಡಸುತನವನ್ನೂ ಕ್ಷಾರೀಯತೆಯನ್ನೂ ಲೀಟರಿಗೆ 600 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಅಂಥ ನೀರು ಕೊಳದ ಟೈಲ್ಸ್ ಮೇಲೆ ವಾರದೊಳಗೆ ಬಿಳಿ ಪದರ ಕಟ್ಟುತ್ತದೆ.

ಟ್ಯಾಂಕರ್ ನೀರು ತರಿಸುವವರು ಒಂದೇ ಟ್ಯಾಂಕರ್ ಪರೀಕ್ಷಿಸಿ ಸುಮ್ಮನಾಗಬಾರದು. 6,000 ಲೀಟರಿನ ಏಳು ಟ್ಯಾಂಕರ್‌ಗಳು ಏಳು ಬೇರೆ ಬೇರೆ ಕೊಳವೆಬಾವಿಗಳಿಂದ ಬಂದಿರಬಹುದು. ಪ್ರತಿ ಟ್ಯಾಂಕರಿನಿಂದ ಒಂದು ಲೋಟ ನೀರು ತೆಗೆದಿಟ್ಟು ಕೊನೆಗೆ ಎಲ್ಲವನ್ನೂ ಬೆರೆಸಿ ಪರೀಕ್ಷಿಸುವುದು ಉತ್ತಮ ಮಾರ್ಗ.

## ಹಂತ 3: ತುಂಬುವುದು ಮತ್ತು ಪಂಪ್ ಓಡಿಸುವುದು

ಸಾಧ್ಯವಾದಷ್ಟೂ ತಡೆಯಿಲ್ಲದೆ ಒಂದೇ ಸಲಕ್ಕೆ ತುಂಬಿಸಬೇಕು. ಮಧ್ಯದಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಗೋಡೆಯ ಮೇಲೆ ಗೆರೆ ಉಳಿಯುತ್ತದೆ. ನೀರು ಸ್ಕಿಮ್ಮರ್ (ಮೇಲ್ಮೈಯ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಯ ಅರ್ಧಕ್ಕೆ ಬಂದಾಗ ನಿಲ್ಲಿಸಿ, ಪಂಪಿನ ಗಾಳಿ ತೆಗೆದು, ಫಿಲ್ಟರ್ ಸ್ಥಾನಕ್ಕೆ ವಾಲ್ವ್ ತಿರುಗಿಸಿ ಓಡಿಸಿ. ಫಿಲ್ಟರ್ ಶುಭ್ರವಾಗಿರುವಾಗಿನ ಒತ್ತಡದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದಕ್ಕಿಂತ ಸುಮಾರು 0.5 ಬಾರ್ ಹೆಚ್ಚಾದಾಗ ಬ್ಯಾಕ್‌ವಾಶ್ ಮಾಡಬೇಕಾಗುತ್ತದೆ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯಬೇಕಾಗುತ್ತದೆ.

ಇಡೀ ನೀರು ಒಮ್ಮೆಯಾದರೂ ಫಿಲ್ಟರ್ ಮೂಲಕ ಹಾದುಹೋಗುವವರೆಗೆ ಏನನ್ನೂ ಹಾಕಬಾರದು. ಗಂಟೆಗೆ 8,000 ಲೀಟರ್ ಎಳೆಯುವ ಪಂಪಾದರೆ ಉದಾಹರಣೆಯ ಕೊಳಕ್ಕೆ ಐದು ಗಂಟೆ ಬೇಕು. ಆಮೇಲೆ ಮೊಣಕೈ ಮುಳುಗುವಷ್ಟು ಆಳದಿಂದ, ನೀರು ಒಳಬರುವ ನಳಿಕೆಯಿಂದ ದೂರದಲ್ಲಿ ಮಾದರಿ ತೆಗೆದು ನಾಲ್ಕೂ ಪರೀಕ್ಷೆಗಳನ್ನು ಮತ್ತೆ ಮಾಡಿ.

## ಹಂತ 4: ಕಬ್ಬಿಣವಿದ್ದರೆ ಕ್ಲೋರಿನ್‌ಗಿಂತ ಮೊದಲೇ ಅದನ್ನು ನಿಭಾಯಿಸುವುದು

ಬಕೆಟ್ ಪರೀಕ್ಷೆಯಲ್ಲಿ ಬಣ್ಣ ಬರದಿದ್ದರೆ ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ಬಣ್ಣ ತೀರಾ ತೆಳುವಾಗಿದ್ದರೆ ಲೋಹವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ದ್ರವವನ್ನು ಡಬ್ಬಿಯ ಮೇಲಿನ ಪ್ರಮಾಣದಂತೆ ಹಾಕಿ ಒಂದು ದಿನ ಪಂಪ್ ಓಡಿಸಿದರೆ ಸಾಕು. ಅಂಗಡಿಯಲ್ಲಿ ಅದನ್ನು ಮೆಟಲ್ ಸೀಕ್ವೆಸ್ಟ್ರಂಟ್ ಎಂದು ಕೇಳಬೇಕು. ಕ್ಲೋರಿನ್ ಅದನ್ನು ನಿಧಾನವಾಗಿ ಒಡೆಯುವುದರಿಂದ ಆಗಾಗ ಮತ್ತೆ ಸ್ವಲ್ಪ ಹಾಕುತ್ತಿರಬೇಕು.

ಬಣ್ಣ ಗಾಢವಾಗಿದ್ದರೆ ಹಿಡಿದಿಡುವ ಪ್ರಯತ್ನ ದುಬಾರಿಯೂ ವ್ಯರ್ಥವೂ ಆಗುತ್ತದೆ. ಆಗ ಕಬ್ಬಿಣವನ್ನು ಬೇಕೆಂದೇ ಹೊರಗೆಡವುವುದು ಸರಿಯಾದ ದಾರಿ. ದ್ರವ ಕ್ಲೋರಿನ್ ಹಾಕಿ ಕಬ್ಬಿಣವೆಲ್ಲ ಕಂದಾಗಲು ಬಿಟ್ಟು, ಪಿಎಚ್ 7ರಿಂದ 7.5ರೊಳಗೆ ಇರುವುದನ್ನು ಖಚಿತಪಡಿಸಿಕೊಂಡು, 10,000 ಲೀಟರಿಗೆ 300ರಿಂದ 500 ಗ್ರಾಂನಂತೆ ಪಟಿಕವನ್ನು ಬಕೆಟ್ಟಿನಲ್ಲಿ ಕರಗಿಸಿ ಕೊಳದ ತುಂಬ ಹರಡಬೇಕು. ಫಿಲ್ಟರನ್ನು ಬದಿಗಿಟ್ಟು ನೀರನ್ನು ಬರೀ ಸುತ್ತಿಸುವ ಸ್ಥಾನಕ್ಕೆ ವಾಲ್ವ್ ತಿರುಗಿಸಿ ಅರ್ಧ ಗಂಟೆ ಓಡಿಸಿ, ಪಂಪ್ ನಿಲ್ಲಿಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಬೇಕು. ಬೆಳಗ್ಗೆ ತಳದಲ್ಲಿ ಕೂತ ಕೆಸರನ್ನು ವ್ಯಾಕ್ಯೂಮ್‌ನಿಂದ ನಿಧಾನವಾಗಿ ಎಳೆದು, ವಾಲ್ವನ್ನು ವೇಸ್ಟ್ ಸ್ಥಾನದಲ್ಲಿಟ್ಟು ನೇರವಾಗಿ ಹೊರಗೆ ಬಿಡಬೇಕು. ಪಟಿಕ ಹಾಕಿದ ನೀರನ್ನು ಮರಳಿನ ಫಿಲ್ಟರ್ ಮೂಲಕ ಹಾಯಿಸುವುದು ಪದೇ ಪದೇ ಕಾಣುವ ತಪ್ಪು. ಅದರಿಂದ ಮರಳು ಗಟ್ಟಿಯಾಗಿ ಫಿಲ್ಟರ್ ಕೆಡುತ್ತದೆ. ಲೀಟರಿಗೆ 40 ಮಿಲಿಗ್ರಾಂ ಪಟಿಕ ಕ್ಷಾರೀಯತೆಯನ್ನು ಸುಮಾರು 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇಳಿಸುತ್ತದೆ ಎಂಬುದನ್ನೂ ಮುಂದಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

## ಹಂತ 5: ಕ್ಷಾರೀಯತೆ ಮತ್ತು ಪಿಎಚ್

ಇದು ಇಡೀ ಕೆಲಸದ ತಿರುಳು. ಪಿಎಚ್ ಎಂಬುದು ನೀರಿನ ಇಂದಿನ ಸ್ಥಿತಿ. ಒಟ್ಟು ಕ್ಷಾರೀಯತೆ ಎಂಬುದು ಆ ಸ್ಥಿತಿಯನ್ನು ಬದಲಾಗದಂತೆ ತಡೆಯುವ ಶಕ್ತಿ. ಕ್ಷಾರೀಯತೆ ಅತಿಯಾಗಿದ್ದರೆ ಪಿಎಚ್ಚನ್ನು ಎಷ್ಟು ಬಾರಿ ಇಳಿಸಿದರೂ ಅದು ಮತ್ತೆ ಮೇಲೇರುತ್ತದೆ. ತೀರಾ ಕಡಿಮೆಯಿದ್ದರೆ ಒಂದು ಕ್ಲೋರಿನ್ ಬಿಲ್ಲೆಗೇ ಪಿಎಚ್ ಕುಸಿಯುತ್ತದೆ. ಆದ್ದರಿಂದ ಗುರಿಯನ್ನು ಮೊದಲು ಕ್ಷಾರೀಯತೆಯ ಮೇಲಿಡಬೇಕು. ಮನೆಯ ಕೊಳಕ್ಕೆ 70ರಿಂದ 100 ಪಿಪಿಎಂ ಕ್ಷಾರೀಯತೆ, 7.2ರಿಂದ 7.6 ಪಿಎಚ್ ಒಳ್ಳೆಯ ಹದ.

ಗಡಸು ನೀರಿನವರಿಗೆ. ಬೆಂಗಳೂರು ಸುತ್ತಲಿನ, ಹಾಗೆಯೇ ಬಯಲುಸೀಮೆಯ ಬಹಳಷ್ಟು ಕೊಳವೆಬಾವಿ ನೀರಿನಲ್ಲಿ ಕ್ಷಾರೀಯತೆ 300ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಇಂಥ ನೀರಿಗೆ ವಾಷಿಂಗ್ ಸೋಡಾವನ್ನಾಗಲಿ ಅಡುಗೆ ಸೋಡಾವನ್ನಾಗಲಿ ಎಂದಿಗೂ ಹಾಕಬಾರದು. ಹಾಕಿದರೆ ಕರಗಿದ್ದ ಕ್ಯಾಲ್ಸಿಯಂ ಸುಣ್ಣವಾಗಿ ಒಡೆದು ಕೆಲವೇ ನಿಮಿಷಗಳಲ್ಲಿ ನೀರು ಬೆಳ್ಳಗಾಗುತ್ತದೆ. ಇಲ್ಲಿ ಬೇಕಾದದ್ದು ಆಮ್ಲ, ಅಂದರೆ ಸುಮಾರು 33 ಶೇಕಡಾ ಸಾಂದ್ರತೆಯ ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಮ್ಲ). ಹಳದಿ ಬಣ್ಣದ ಆಸಿಡ್‌ನಲ್ಲಿ ಕಬ್ಬಿಣದ ಅಂಶವಿರುವುದರಿಂದ ಬಣ್ಣವಿಲ್ಲದ್ದನ್ನೇ ಕೇಳಿ ತರಬೇಕು.

10,000 ಲೀಟರಿನಲ್ಲಿ 10 ಪಿಪಿಎಂ ಕ್ಷಾರೀಯತೆ ಇಳಿಸಲು ಈ ಆಸಿಡ್ ಸುಮಾರು 190 ಮಿಲಿಲೀಟರ್ ಬೇಕು. ಉದಾಹರಣೆಯ ಕೊಳದಲ್ಲಿ 320ರಿಂದ 90ಕ್ಕೆ ತರಲು ಒಟ್ಟು ಸುಮಾರು 17.5 ಲೀಟರ್ ಬೇಕಾಗುತ್ತದೆ. ಇದನ್ನು ಒಂದೇ ದಿನ ಸುರಿದರೆ ಪಿಎಚ್ ಪಾತಾಳಕ್ಕಿಳಿದು ಟೈಲ್ಸ್ ಸಂದಿನ ಸಿಮೆಂಟ್, ಪಂಪಿನ ಲೋಹದ ಭಾಗಗಳು ಸವೆದುಹೋಗುತ್ತವೆ. ಸರಿಯಾದ ವಿಧಾನ ಸುತ್ತುಗಳದ್ದು. ಪಿಎಚ್ 8.2ರಲ್ಲಿರುವ ಈ ನೀರನ್ನು 7.2ಕ್ಕೆ ತರಲು ಸುಮಾರು 2.5 ಲೀಟರ್ ಆಸಿಡ್ ಹಿಡಿಯುತ್ತದೆ. ಅದನ್ನೂ ಎರಡು ಭಾಗ ಮಾಡಿ, ಒಂದು ಗಂಟೆಯ ಅಂತರದಲ್ಲಿ ಹಾಕಿ, ಪಿಎಚ್ ನೋಡಿ. ಆಮೇಲೆ ಒಳಬರುವ ನಳಿಕೆಗಳನ್ನು ಮೇಲ್ಮುಖವಾಗಿ ತಿರುಗಿಸಿ ನೀರಿನ ಮೇಲ್ಮೈ ಕುದಿಯುವಂತೆ ಮಾಡಿ. ಕಾರಂಜಿಯಿದ್ದರೆ ಓಡಿಸಿ. ಹೀಗೆ ಗಾಳಿಯಾಡಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನಾಗಿ 7.8ರ ಮೇಲೇರುತ್ತದೆ, ಆದರೆ ಕ್ಷಾರೀಯತೆ ಇಳಿದಲ್ಲೇ ಉಳಿಯುತ್ತದೆ. ಆಗ ಮತ್ತೊಂದು ಸುತ್ತು ಆಸಿಡ್. ಕ್ಷಾರೀಯತೆ ಇಳಿಯುತ್ತ ಬಂದಂತೆ ಅದೇ ಪಿಎಚ್‌ಗೆ ಕಡಿಮೆ ಆಸಿಡ್ ಸಾಕಾಗುವುದರಿಂದ, ಪ್ರತಿ ಸುತ್ತಿನಲ್ಲೂ ಅಳತೆಯನ್ನು ಕಡಿಮೆ ಮಾಡುತ್ತಾ ಹೋಗಬೇಕು. ಒಂದು ವಾರದಿಂದ ಹತ್ತು ದಿನ ಬೇಕಾಗುವ ಕೆಲಸವಿದು. ಅವಸರಪಟ್ಟವರ ಕೊಳಗಳೇ ಕೆಡುವುದು.

ಮೃದು ನೀರಿನವರಿಗೆ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಗಳು, ಮಲೆನಾಡು ಮತ್ತು ಕೊಡಗಿನ ಝರಿಗಳ ನೀರಿನಲ್ಲಿ ಸಮಸ್ಯೆ ತಿರುಗುಮುರುಗು. ಕ್ಷಾರೀಯತೆ 20, ಪಿಎಚ್ 6ರ ಹತ್ತಿರ, ಕ್ಯಾಲ್ಸಿಯಂ ಹೆಸರಿಗಷ್ಟೇ. ಈ ನೀರು ಕಣ್ಣಿಗೆ ಸ್ಫಟಿಕದಷ್ಟು ಸ್ವಚ್ಛವಾಗಿ ಕಾಣುತ್ತಲೇ ಟೈಲ್ಸ್ ಸಂದಿನ ಸಿಮೆಂಟನ್ನು ಕರಗಿಸುತ್ತಿರುತ್ತದೆ. ಇದಕ್ಕೆ ಅಡುಗೆ ಸೋಡಾ ಬೇಕು. 10,000 ಲೀಟರಿನಲ್ಲಿ 10 ಪಿಪಿಎಂ ಏರಿಸಲು ಸುಮಾರು 170 ಗ್ರಾಂ. ಉದಾಹರಣೆಯ ಕೊಳವನ್ನು 20ರಿಂದ 80ಕ್ಕೆ ತರಲು ಸುಮಾರು 4 ಕಿಲೋ. ಎರಡು ಕಂತುಗಳಲ್ಲಿ ಹಾಕಿ, ಚೆನ್ನಾಗಿ ಗಾಳಿಯಾಡಿಸಿದರೆ ಪಿಎಚ್ ಕೂಡ ತಾನೇ ಮೇಲೆ ಬರುತ್ತದೆ. ಪಿಎಚ್ ಕಡಿಮೆಯೆಂದು ಗಾಬರಿಯಿಂದ ವಾಷಿಂಗ್ ಸೋಡಾ ಸುರಿಯುವ ಅಗತ್ಯ ಬಹಳ ಅಪರೂಪ.

ಆಸಿಡ್ ಹಾಕುವಾಗ ಈ ಮಾತುಗಳನ್ನು ದಯವಿಟ್ಟು ಮೀರಬೇಡಿ. ಬಕೆಟ್ಟಿನ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರನ್ನು ಸುರಿಯಲೇಬಾರದು. ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಪಂಪ್ ಓಡುತ್ತಿರುವಾಗ ಆಳದ ತುದಿಯಲ್ಲಿ, ನಳಿಕೆಯ ಮುಂದೆ, ಸಣ್ಣ ಧಾರೆಯಾಗಿ ಸುರಿಯಬೇಕು. ಆಸಿಡ್ ಮತ್ತು ಕ್ಲೋರಿನ್‌ಗೆ ಒಂದೇ ಜಗ್, ಒಂದೇ ಬಕೆಟ್ ಬಳಸಿದರೆ ಉಳಿದ ಹನಿಗಳೇ ವಿಷಾನಿಲವಾಗಿ ಉಸಿರುಗಟ್ಟಿಸಬಲ್ಲವು. ಸಾಮಗ್ರಿಯಲ್ಲಿ ಎರಡು ಬಕೆಟ್ ಹೇಳಿದ್ದು ಇದಕ್ಕಾಗಿಯೇ. ಎರಡರ ಮೇಲೂ ದಪ್ಪಕ್ಷರದಲ್ಲಿ ಹೆಸರು ಬರೆಯಿರಿ.

ಪಿಎಚ್ ಕಿಟ್ಟಿನ ಬಣ್ಣದ ಪಟ್ಟಿ 8.2ರ ಆಸುಪಾಸಿನಲ್ಲಿ ಮುಗಿಯುತ್ತದೆ. ಕೊನೆಯ ಬಣ್ಣ ಬಂದರೆ ನೀರು 8.2 ಇರಬಹುದು, 8.8 ಕೂಡ ಇರಬಹುದು. ಹಾಗಾಗಿ ಮೊದಲ ಸುತ್ತಿನ ನಂತರ ಮತ್ತೆ ಅಳೆಯದೆ ಲೆಕ್ಕವನ್ನು ಪೂರ್ತಿ ನಂಬಬಾರದು.

## ಹಂತ 6: ಕ್ಯಾಲ್ಸಿಯಂ ಗಡಸುತನ

ಟೈಲ್ಸ್ ಹಾಕಿದ ಸಿಮೆಂಟ್ ಕೊಳಕ್ಕೆ 200ರಿಂದ 400 ಪಿಪಿಎಂ ಸೂಕ್ತ. ಫೈಬರ್ ಕೊಳವಾದರೆ ಸ್ವಲ್ಪ ಕಡಿಮೆಯಿದ್ದರೂ ತೊಂದರೆಯಿಲ್ಲ.

ಕಡಿಮೆಯಿರುವವರು ಕ್ಯಾಲ್ಸಿಯಂ ಕ್ಲೋರೈಡ್ ಹಾಕಬೇಕು. 77 ಶೇಕಡಾದ ಚಕ್ಕೆಯಾದರೆ 10,000 ಲೀಟರಿಗೆ 10 ಪಿಪಿಎಂ ಏರಿಸಲು ಸುಮಾರು 150 ಗ್ರಾಂ. 20ರಿಂದ 220ಕ್ಕೆ ತರಲು ಉದಾಹರಣೆಯ ಕೊಳಕ್ಕೆ 12 ಕಿಲೋ ಬೇಕು. ಕರಗುವಾಗ ಇದು ನೀರನ್ನು ಕೈ ಸುಡುವಷ್ಟು ಬಿಸಿ ಮಾಡುತ್ತದೆ. ಆದ್ದರಿಂದ ಬಕೆಟ್ಟಿನಲ್ಲಿ ಮೊದಲು ನೀರು ತುಂಬಿ, ಒಂದು ಬಾರಿಗೆ ಒಂದೆರಡು ಕಿಲೋದಂತೆ ಚಕ್ಕೆಯನ್ನು ನಿಧಾನವಾಗಿ ಹಾಕಿ ಕಲಕಬೇಕು. ಅಡುಗೆ ಸೋಡಾ ಹಾಕಿದ ದಿನವೇ ಇದನ್ನು ಹಾಕಬೇಡಿ. ಎರಡೂ ಗಟ್ಟಿಯಾಗಿರುವಲ್ಲಿ ಸಂಧಿಸಿದರೆ ಮಬ್ಬು ಖಚಿತ. ನಡುವೆ ಒಂದು ದಿನದ ಅಂತರವಿರಲಿ.

ಹೆಚ್ಚಿರುವವರು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಕ್ಯಾಲ್ಸಿಯಂ ಅನ್ನು ಕೊಳದಿಂದ ಸುಲಭವಾಗಿ ತೆಗೆಯುವ ಪುಡಿ ಯಾವುದೂ ಇಲ್ಲ. ಮೃದು ನೀರು ಬೆರೆಸಿ ತೆಳುವಾಗಿಸಬೇಕು, ಇಲ್ಲವೇ ಉಳಿದ ಅಂಶಗಳನ್ನು ತಗ್ಗಿಸಿ ಸರಿದೂಗಿಸಬೇಕು. ಈ ಸರಿದೂಗಿಸುವಿಕೆಯನ್ನು ನೀರು ಸುಣ್ಣ ಕಟ್ಟುತ್ತದೋ (ಹೆಚ್ಚಿದ್ದರೆ) ಸಿಮೆಂಟನ್ನು ಕರಗಿಸುತ್ತದೋ (ಕಡಿಮೆಯಿದ್ದರೆ) ಎಂದು ತಿಳಿಸುವ ಲ್ಯಾಂಜಿಲಿಯರ್ ಸೂಚ್ಯಂಕದಿಂದ ಲೆಕ್ಕ ಹಾಕಬಹುದು. ಪಿಎಚ್‌ಗೆ ಉಷ್ಣತೆ, ಕ್ಯಾಲ್ಸಿಯಂ, ಕ್ಷಾರೀಯತೆಗಳ ಗುಣಾಂಕಗಳನ್ನು ಕೂಡಿಸಿ 12.1 ಕಳೆದರೆ ಬರುವ ಸಂಖ್ಯೆ ‑0.3ರಿಂದ +0.3ರೊಳಗೆ ಇರಬೇಕು. 29 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ 0.7. ಕ್ಯಾಲ್ಸಿಯಂ 200ಕ್ಕೆ 1.9, 400ಕ್ಕೆ 2.2, 600ಕ್ಕೆ 2.4. ಕ್ಷಾರೀಯತೆ 70ಕ್ಕೆ 1.8, 100ಕ್ಕೆ 2.0, 300ಕ್ಕೆ 2.5.

ಕ್ಯಾಲ್ಸಿಯಂ 400, ಕ್ಷಾರೀಯತೆ 300, ಪಿಎಚ್ 8.2 ಇರುವ ಕೊಳವೆಬಾವಿ ನೀರಿನ ಸೂಚ್ಯಂಕ 1.5. ಸುಣ್ಣ ಕಟ್ಟದೆ ಬಿಡದ ನೀರು ಅದು. ಅದೇ ಕ್ಯಾಲ್ಸಿಯಂ 600 ಇದ್ದರೂ ಕ್ಷಾರೀಯತೆಯನ್ನು 70ಕ್ಕೆ, ಪಿಎಚ್ಚನ್ನು 7.4ಕ್ಕೆ ಇಳಿಸಿಟ್ಟರೆ ಸೂಚ್ಯಂಕ 0.2ಕ್ಕೆ ಬಂದು ನೀರು ತಿಳಿಯಾಗಿಯೇ ಉಳಿಯುತ್ತದೆ. ಗಡಸು ನೀರಿನ ಸೀಮೆಯಲ್ಲಿ ಐದನೆಯ ಹಂತಕ್ಕೆ ಅಷ್ಟು ಶ್ರಮ ಹಾಕುವುದು ಏಕೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

## ಹಂತ 7: ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಸಯನ್ಯೂರಿಕ್ ಆಮ್ಲ

ಛಾವಣಿಯಿಲ್ಲದ ಕೊಳದಲ್ಲಿ ಈ ರಕ್ಷಕ ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಎರಡು ಗಂಟೆಗಳೊಳಗೆ ಕ್ಲೋರಿನ್ನಿನ ಹೆಚ್ಚಿನ ಭಾಗ ನಾಶವಾಗುತ್ತದೆ. ಗುರಿ 30 ಪಿಪಿಎಂ. 10,000 ಲೀಟರಿಗೆ 300 ಗ್ರಾಂ, ಉದಾಹರಣೆಯ ಕೊಳಕ್ಕೆ 1.2 ಕಿಲೋ. ಇದು ಬಹಳ ನಿಧಾನವಾಗಿ ಕರಗುವುದರಿಂದ ಹಳೆಯ ಕಾಲುಚೀಲದಲ್ಲಿ ತುಂಬಿ ನಳಿಕೆಯ ಮುಂದೆ ತೂಗುಬಿಟ್ಟು, ಆಗಾಗ ಕೈಗವಸು ಹಾಕಿಕೊಂಡು ಹಿಸುಕುತ್ತಿರಬೇಕು. ಪರೀಕ್ಷೆಯಲ್ಲಿ ಪೂರ್ಣ ಅಂಕಿ ಕಾಣಲು ವಾರವೇ ಹಿಡಿಯಬಹುದು. ಕಡಿಮೆ ತೋರಿಸಿತೆಂದು ಮರುದಿನವೇ ಇನ್ನಷ್ಟು ಹಾಕಬಾರದು. ಮೊದಲ ಸುತ್ತಿನ ಆಸಿಡ್ ಮುಗಿದ ಮೇಲೆ ಇದನ್ನು ಆರಂಭಿಸಬಹುದು, ಐದನೆಯ ಹಂತ ಪೂರ್ತಿಯಾಗುವವರೆಗೆ ಕಾಯಬೇಕಿಲ್ಲ.

ಸಯನ್ಯೂರಿಕ್ ಆಮ್ಲ ಪ್ರತ್ಯೇಕವಾಗಿ ಸಿಗದ ಊರುಗಳಲ್ಲಿ ಟಿಸಿಸಿಎ 90 ಎಂಬ ಕ್ಲೋರಿನ್ ಬಿಲ್ಲೆಗಳಿಂದಲೇ ಅದನ್ನು ಕೂಡಿಸಿಕೊಳ್ಳಬಹುದು. 200 ಗ್ರಾಂನ ಒಂದು ಬಿಲ್ಲೆ 40,000 ಲೀಟರಿಗೆ 4.5 ಪಿಪಿಎಂ ಕ್ಲೋರಿನ್ ಜೊತೆಗೆ 2.7 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನೂ ಸೇರಿಸುತ್ತದೆ. ಹೀಗೆ ಹನ್ನೊಂದು ಬಿಲ್ಲೆ ಕರಗುವಷ್ಟರಲ್ಲಿ 30 ತಲುಪಿರುತ್ತದೆ. ತೊಂದರೆ ಶುರುವಾಗುವುದು ಅದರ ನಂತರ. ಕ್ಲೋರಿನ್ ಖರ್ಚಾಗುತ್ತದೆ, ಸಯನ್ಯೂರಿಕ್ ಆಮ್ಲ ಖರ್ಚಾಗುವುದಿಲ್ಲ. ತಿಂಗಳುಗಟ್ಟಲೆ ಬಿಲ್ಲೆಯನ್ನೇ ನೆಚ್ಚಿಕೊಂಡ ಕೊಳಗಳಲ್ಲಿ ಅದು 100 ದಾಟಿ, ಕ್ಲೋರಿನ್ ಎಷ್ಟಿದ್ದರೂ ಪಾಚಿ ಕಟ್ಟುವ ಸ್ಥಿತಿ ಬರುತ್ತದೆ. ಬಿಲ್ಲೆ ಆಮ್ಲೀಯವಾದ್ದರಿಂದ ಮಲೆನಾಡಿನ ಮೃದು ನೀರಿನಲ್ಲಿ ಕ್ಷಾರೀಯತೆಯನ್ನೂ ವೇಗವಾಗಿ ತಿಂದುಹಾಕುತ್ತದೆ.

## ಹಂತ 8: ಕ್ಲೋರಿನ್

ಪಿಎಚ್ 7.6ಕ್ಕಿಂತ ಕೆಳಗೆ ಬಂದ ಮೇಲೆಯೇ ಕ್ಲೋರಿನ್ ಹಾಕಬೇಕು. ಆದರೆ ಗಡಸು ನೀರಿನವರು ಆಸಿಡ್‌ನ ಎಲ್ಲ ಸುತ್ತುಗಳೂ ಮುಗಿಯಲೆಂದು ವಾರಗಟ್ಟಲೆ ಕಾದರೆ, ನಮ್ಮ ಬೇಸಿಗೆಯ ನೀರಿನಲ್ಲಿ ಅಷ್ಟರೊಳಗೆ ಪಾಚಿ ಬೆಳೆದಿರುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಪಿಎಚ್ ಇಳಿದ ಸಂಜೆಯಿಂದಲೇ 2ರಿಂದ 3 ಪಿಪಿಎಂ ಕ್ಲೋರಿನ್ ಇರುವಂತೆ ನೋಡಿಕೊಳ್ಳಿ. ಆಸಿಡ್ ಬೆಳಗ್ಗೆ, ಕ್ಲೋರಿನ್ ಸೂರ್ಯ ಮುಳುಗಿದ ಮೇಲೆ ಎಂಬ ಕ್ರಮ ಇಟ್ಟುಕೊಂಡರೆ ಎರಡೂ ಒಂದಕ್ಕೊಂದು ತಾಗುವುದಿಲ್ಲ, ಬಿಸಿಲಿಗೆ ವ್ಯರ್ಥವಾಗುವುದೂ ತಪ್ಪುತ್ತದೆ.

ಗಡಸು ನೀರಿಗೆ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಸೂಕ್ತ. 10 ಶೇಕಡಾದ್ದಾದರೆ 10,000 ಲೀಟರಿಗೆ 100 ಮಿಲಿಲೀಟರ್ ಹಾಕಿದಾಗ 1 ಪಿಪಿಎಂ ಏರುತ್ತದೆ. ಉದಾಹರಣೆಯ ಕೊಳವನ್ನು ಮೊದಲ ಬಾರಿ 5 ಪಿಪಿಎಂಗೆ ಏರಿಸಲು 2 ಲೀಟರ್ ಬೇಕು. ಬಿಸಿಲಿನಲ್ಲಿಟ್ಟ ಕ್ಯಾನ್‌ನಲ್ಲಿ ಇದರ ಶಕ್ತಿ ಬೇಗ ಕುಂದುವುದರಿಂದ ಸಣ್ಣ ಪ್ರಮಾಣದಲ್ಲಿ ಹೊಸದನ್ನೇ ತರಿಸಿ ನೆರಳಿನಲ್ಲಿಡಿ.

ಮೃದು ನೀರಿನವರಿಗೆ 65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ಲಾಭದಾಯಕ. 10 ಪಿಪಿಎಂ ಕ್ಲೋರಿನ್ ಜೊತೆಗೆ ಸುಮಾರು 7 ಪಿಪಿಎಂ ಕ್ಯಾಲ್ಸಿಯಂ ಗಡಸುತನವೂ ಸಿಗುತ್ತದೆ. 10,000 ಲೀಟರಿಗೆ 1 ಪಿಪಿಎಂಗೆ 15 ಗ್ರಾಂ. ಸಾಮಾನ್ಯ ಬ್ಲೀಚಿಂಗ್ ಪೌಡರ್‌ನಲ್ಲಿ ಇದರ ಅರ್ಧದಷ್ಟೇ ಶಕ್ತಿಯಿದ್ದು ಕರಗದ ಸುಣ್ಣ ಬಹಳವಿರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಬಕೆಟ್ಟಿನಲ್ಲಿ ಕಲಕಿ, ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಹಾಕಬೇಕು.

ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡನ್ನೂ ಎಂದಿಗೂ ಬೆರೆಸಬಾರದು, ಒಂದರ ಚಮಚವನ್ನು ಇನ್ನೊಂದರ ಡಬ್ಬಿಗೆ ಇಳಿಸಲೂಬಾರದು. ಬೆಂಕಿ ಹೊತ್ತಿಕೊಂಡು ಸ್ಫೋಟಿಸುವ ಜೋಡಿಯದು. ಎರಡನ್ನೂ ಬೇರೆ ಬೇರೆ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಿಲ್ಲೆಗಳನ್ನು ತೇಲುವ ಡಬ್ಬಿಯಲ್ಲಿಡಬೇಕೇ ಹೊರತು ಸ್ಕಿಮ್ಮರ್ ಒಳಗಲ್ಲ. ಪಂಪ್ ನಿಂತಾಗ ಅಲ್ಲಿ ಶೇಖರವಾಗುವ ತೀವ್ರ ಆಮ್ಲದ ನೀರು ಮತ್ತೆ ಪಂಪ್ ಓಡಿದಾಗ ನೇರವಾಗಿ ಯಂತ್ರದೊಳಗೆ ಹೋಗುತ್ತದೆ.

## ಹಂತ 9: ರಾತ್ರಿಯ ಪರೀಕ್ಷೆ, ನಂತರವೇ ನೀರಿಗಿಳಿಯುವುದು

ಕತ್ತಲಾದ ಮೇಲೆ ಕ್ಲೋರಿನ್ ಹಾಕಿ, ಒಂದು ಗಂಟೆ ಪಂಪ್ ಓಡಿಸಿ ಮುಕ್ತ ಕ್ಲೋರಿನ್ ಅಳೆಯಿರಿ. ಸೂರ್ಯೋದಯಕ್ಕೆ ಮುಂಚೆ ಮತ್ತೆ ಅಳೆಯಿರಿ. ಬಿಸಿಲಿಲ್ಲದ ಈ ಅವಧಿಯಲ್ಲಿ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ನೀರಿನೊಳಗೆ ಕ್ಲೋರಿನ್ನನ್ನು ತಿನ್ನುವ ಪಾಚಿ, ಕೊಳೆ ಅಥವಾ ಅಮೋನಿಯಾ ಇದೆ ಎಂದರ್ಥ. ಆಗ ಸಯನ್ಯೂರಿಕ್ ಆಮ್ಲ 30 ಇರುವ ಕೊಳದಲ್ಲಿ ಮುಕ್ತ ಕ್ಲೋರಿನ್ನನ್ನು 12 ಪಿಪಿಎಂಗೆ ಏರಿಸಿ, ರಾತ್ರಿಯ ಇಳಿಕೆ 1ಕ್ಕಿಂತ ಕಡಿಮೆಯಾಗುವವರೆಗೂ ಅಲ್ಲೇ ಉಳಿಸಬೇಕು. ಇಷ್ಟು ಕ್ಲೋರಿನ್ ಇರುವಾಗ ಪಿಎಚ್ ಪರೀಕ್ಷೆಯ ಬಣ್ಣ ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಆಸಿಡ್ ಹಾಕಬೇಡಿ. ಡಿಪಿಡಿಯ ಗುಲಾಬಿ ಬಣ್ಣ ಕಾಣಿಸಿ ಕ್ಷಣದಲ್ಲೇ ಮಾಯವಾದರೆ ಕ್ಲೋರಿನ್ ಇಲ್ಲವೆಂದಲ್ಲ, ಬಣ್ಣವನ್ನೇ ಅಳಿಸುವಷ್ಟು ಹೆಚ್ಚಿದೆಯೆಂದು ಅರ್ಥ. ಮಾದರಿಯನ್ನು ಕ್ಲೋರಿನ್ ಇಲ್ಲದ ಶುದ್ಧ ನೀರಿನಲ್ಲಿ ಬೆರೆಸಿ ಮತ್ತೆ ಅಳೆಯಬೇಕು.

ಮುಕ್ತ ಕ್ಲೋರಿನ್ 2ರಿಂದ 4, ಸಂಯುಕ್ತ ಕ್ಲೋರಿನ್ 0.5ಕ್ಕಿಂತ ಕಡಿಮೆ, ಪಿಎಚ್ 7.2ರಿಂದ 7.8, ಆಳದ ತುದಿಯ ತಳದ ಜಾಲರಿಯ ತೂತುಗಳು ದಡದಿಂದ ಎಣಿಸುವಷ್ಟು ಸ್ಪಷ್ಟ. ಈ ನಾಲ್ಕೂ ಕೂಡಿ ಬಂದಾಗ ಮಾತ್ರ ಮಕ್ಕಳನ್ನು ನೀರಿಗಿಳಿಸಿ. ತಳ ಕಾಣದ ಕೊಳದಲ್ಲಿ ಮುಳುಗಿದವರೂ ಕಾಣುವುದಿಲ್ಲ.

## ಎಚ್ಚರಿಕೆಯ ಚಿಹ್ನೆಗಳು

ನೀರು ಹಸಿರಾದರೂ ತಳ ನಿಚ್ಚಳವಾಗಿ ಕಂಡರೆ ಅದು ಲೋಹದ ಬಣ್ಣ, ಪಾಚಿಯಲ್ಲ. ಪಾಚಿಗೆಂದು ಮೈಲುತುತ್ತ ಹಾಕುವ ರೂಢಿಯಿರುವಲ್ಲಿ ಇದು ಸಾಮಾನ್ಯ. ಮೈಲುತುತ್ತದ ತಾಮ್ರ ಟೈಲ್ಸ್ ಮೇಲೆ ಕಲೆಯಾಗಿ ಕೂರುತ್ತದೆ, ತಿಳಿಬಣ್ಣದ ಕೂದಲಿಗೆ ಹಸಿರು ಹಚ್ಚುತ್ತದೆ. ಹೊಸ ನೀರಿನಲ್ಲಿ ಅದರ ಅಗತ್ಯವೇ ಇಲ್ಲ. ಹಸಿರಿನೊಂದಿಗೆ ಮಬ್ಬೂ ಇದ್ದು ಗೋಡೆ ಜಾರುತ್ತಿದ್ದರೆ ಅದು ಪಾಚಿ.

ಕಣ್ಣು ಉರಿದು ಮೂಗಿಗೆ ಘಾಟು ಹೊಡೆದಾಗ ಕ್ಲೋರಿನ್ ಹೆಚ್ಚಾಯಿತೆಂದು ಹಾಕುವುದನ್ನೇ ನಿಲ್ಲಿಸುವವರಿದ್ದಾರೆ. ಬಹುತೇಕ ಸಂದರ್ಭಗಳಲ್ಲಿ ಅದು ಸಂಯುಕ್ತ ಕ್ಲೋರಿನ್ನಿನ ವಾಸನೆ, ಅಂದರೆ ಮುಕ್ತ ಕ್ಲೋರಿನ್ ಸಾಲದು ಎಂಬ ಸೂಚನೆ. ನೀರಿನಂಚಿನ ಟೈಲ್ಸ್ ಮೇಲೆ ಬೆರಳಾಡಿಸಿದಾಗ ಮರಳು ಕಾಗದದಂತೆ ತರಿತರಿಯಾಗಿದ್ದರೆ ಸುಣ್ಣ ಕಟ್ಟುತ್ತಿದೆ. ಟೈಲ್ಸ್ ಸಂದು ಆಳವಾಗುತ್ತಾ ಬೆರಳಿಗೆ ಪುಡಿ ಮೆತ್ತಿಕೊಂಡರೆ ನೀರು ಸಿಮೆಂಟನ್ನು ತಿನ್ನುತ್ತಿದೆ. ಸಂದುಗಳಿಗೆ ಹೊಸದಾಗಿ ಸಿಮೆಂಟ್ ತುಂಬಿಸಿದ್ದರೆ ಮೊದಲ ಕೆಲವು ವಾರ ಪಿಎಚ್ ಪದೇ ಪದೇ ಏರುವುದು ಸಹಜ. ಆಗ ಸಣ್ಣ ಪ್ರಮಾಣದ ಆಸಿಡ್‌ನಿಂದ ಅದನ್ನು ಇಳಿಸುತ್ತಿರಬೇಕು.

## ಮೊದಲ ತಿಂಗಳ ನಿಗಾ

ಮೊದಲ ಎರಡು ವಾರ ಪಿಎಚ್ ಮತ್ತು ಕ್ಲೋರಿನ್ನನ್ನು ಪ್ರತಿದಿನ, ಕ್ಷಾರೀಯತೆಯನ್ನು ವಾರಕ್ಕೊಮ್ಮೆ, ಕ್ಯಾಲ್ಸಿಯಂ ಮತ್ತು ಸಯನ್ಯೂರಿಕ್ ಆಮ್ಲವನ್ನು ತಿಂಗಳಿಗೊಮ್ಮೆ ಅಳೆದರೆ ಸಾಕು. ಕ್ಷಾರೀಯತೆ 100 ಇರುವಾಗ ಪಿಎಚ್ಚನ್ನು 7.8ರಿಂದ 7.4ಕ್ಕೆ ತರಲು 10,000 ಲೀಟರಿಗೆ ಸುಮಾರು 100 ಮಿಲಿಲೀಟರ್ ಆಸಿಡ್ ಬೇಕು.

ಗಡಸು ನೀರಿನವರು ಆವಿಯಾಗುವ ನೀರಿನ ಲೆಕ್ಕವನ್ನೂ ಇಡಬೇಕು. ದಿನಕ್ಕೆ 5 ಮಿಲಿಮೀಟರ್ ಮಟ್ಟ ಇಳಿದರೆ ಉದಾಹರಣೆಯ ಕೊಳಕ್ಕೆ 160 ಲೀಟರ್ ಸೇರಿಸಬೇಕಾಗುತ್ತದೆ. ಆವಿಯಾಗುವುದು ಬರೀ ನೀರು, ಲವಣಗಳು ಕೊಳದಲ್ಲೇ ಉಳಿಯುತ್ತವೆ. ತುಂಬುವ ನೀರಿನ ಕ್ಯಾಲ್ಸಿಯಂ 400, ಕ್ಷಾರೀಯತೆ 320 ಇದ್ದರೆ ಒಂದೇ ತಿಂಗಳಲ್ಲಿ ಕೊಳದ ಕ್ಯಾಲ್ಸಿಯಂ ಸುಮಾರು 48, ಕ್ಷಾರೀಯತೆ ಸುಮಾರು 38 ಪಿಪಿಎಂ ಏರುತ್ತದೆ. ಚಾವಣಿಯ ಮಳೆನೀರನ್ನು ಸೋಸಿ ಸಂಪಿನಲ್ಲಿ ಹಿಡಿದಿಟ್ಟವರು ಮೇಲ್ತುಂಬಲು ಅದನ್ನೇ ಬಳಸಬಹುದು, ಅದರಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಆ ಅನುಕೂಲ ಇಲ್ಲದವರು ರಾತ್ರಿ ಕೊಳದ ಮೇಲೆ ಹೊದಿಕೆ ಎಳೆದು ಆವಿಯನ್ನು ತಡೆಯಬೇಕು, ಮತ್ತು ಪ್ರತಿ ತಿಂಗಳ ಕೊನೆಗೆ ಕ್ಷಾರೀಯತೆಯನ್ನು ಅಳೆದು ಐದನೆಯ ಹಂತದ ಒಂದು ಸಣ್ಣ ಸುತ್ತನ್ನು ಮಾಡಬೇಕು.